ಸಂಜೆ ಆರೂವರೆಯ ಕರೆಂಟು ಎಲ್ಲಿಂದ ಬರುತ್ತದೆ?

2025ರ ಜುಲೈನಲ್ಲಿ ಒಂದು ಸುದ್ದಿ ಎಲ್ಲ ಕಡೆ ಬಂತು. ದೇಶದ ಒಟ್ಟು ವಿದ್ಯುತ್ ಸಾಮರ್ಥ್ಯದಲ್ಲಿ ಅರ್ಧ ಈಗ ಕಲ್ಲಿದ್ದಲು, ಗ್ಯಾಸ್, ಡೀಸೆಲ್ ಸುಡದ ಮೂಲಗಳದ್ದು ಅಂತ. 2030ಕ್ಕೆ ಇಟ್ಟುಕೊಂಡಿದ್ದ ಗುರಿಯನ್ನು ಐದು ವರ್ಷ ಮೊದಲೇ ಮುಟ್ಟಿದ್ದೆವು. ಒಟ್ಟು ಸುಮಾರು 485 ಗಿಗಾವ್ಯಾಟ್ (ಒಂದು ಗಿಗಾವ್ಯಾಟ್ ಎಂದರೆ 1,000 ಮೆಗಾವ್ಯಾಟ್). ಅದರಲ್ಲಿ 243ರಷ್ಟು ಬಿಸಿಲು, ಗಾಳಿ, ನೀರು, ಅಣುಶಕ್ತಿ, ಕಬ್ಬಿನ ಸಿಪ್ಪೆಯಂಥ ಜೈವಿಕ ಇಂಧನ. ನಾನು ಕರೆಂಟಿನ ಕೆಲಸದಲ್ಲಿ ಇದ್ದೇನೆ ಎಂದು ಗೊತ್ತಿದ್ದವರು ಆ ವಾರ ಒಂದೇ ಪ್ರಶ್ನೆ ಕೇಳಿದರು. "ಹಾಗಾದ್ರೆ ನಮ್ಮನೆಗೆ ಬರೋ ಕರೆಂಟಲ್ಲಿ ಅರ್ಧ ಕಲ್ಲಿದ್ದಲಿಂದು ಅಲ್ಲ, ಅಲ್ವಾ?"

ಹಾಗಾಗಿಲ್ಲ. ದೇಶದಲ್ಲಿ ಇವತ್ತು ಉತ್ಪಾದನೆಯಾಗುವ ಕರೆಂಟಿನಲ್ಲಿ ನೂರಕ್ಕೆ 70ರ ಆಸುಪಾಸು ಕಲ್ಲಿದ್ದಲಿನದೇ. ಸಾಮರ್ಥ್ಯದಲ್ಲಿ ಅರ್ಧ, ಉತ್ಪಾದನೆಯಲ್ಲಿ ಮೂರರಲ್ಲಿ ಒಂದು ಪಾಲೂ ಇಲ್ಲ. ಎರಡೂ ನಿಜ. ಈ ಎರಡು ಲೆಕ್ಕಗಳ ನಡುವಿನ ಅಂತರದಲ್ಲೇ ನನ್ನ ಕೆಲಸ ಇದೆ. ಅದರ ಬಗ್ಗೆ ಬರೆಯಬೇಕು ಎಂದು ಬಹಳ ದಿನದಿಂದ ಅಂದುಕೊಂಡಿದ್ದೆ.

ನಾನು ಕೆಲಸ ಶುರು ಮಾಡಿದ್ದು ಒಂದು ಕಲ್ಲಿದ್ದಲು ಸ್ಥಾವರದ ಕಂಟ್ರೋಲ್ ರೂಮಿನಲ್ಲಿ. ಈಗ ಬೆಂಗಳೂರಿನಲ್ಲಿ ಕೂತು ಸೋಲಾರ್ ಮತ್ತು ವಿಂಡ್ ಪ್ಲಾಂಟುಗಳಿಗೆ ಶೆಡ್ಯೂಲ್ ಮಾಡುತ್ತೇನೆ. ನಾಳೆ ಯಾವ ಪ್ಲಾಂಟು ಎಷ್ಟು ಹೊತ್ತಿಗೆ ಎಷ್ಟು ಕರೆಂಟ್ ಕೊಡುತ್ತದೆ ಎಂದು ಇವತ್ತೇ ಹೇಳಬೇಕು. ದಿನವನ್ನು 15 ನಿಮಿಷದ 96 ಬ್ಲಾಕುಗಳಾಗಿ ಕತ್ತರಿಸಿರುತ್ತಾರೆ. ಪ್ರತಿ ಬ್ಲಾಕಿಗೂ ಒಂದು ಅಂಕಿ. ಹೇಳಿದ್ದಕ್ಕಿಂತ ಬಹಳ ಹೆಚ್ಚು ಕಮ್ಮಿ ಆದರೆ ಪ್ಲಾಂಟಿನವರು ದುಡ್ಡು ಕಟ್ಟಬೇಕು. ಗಾಳಿ, ಬಿಸಿಲಿಗೂ ಹೀಗೆ ಮೊದಲೇ ಲೆಕ್ಕ ಹೇಳಬೇಕು ಎಂಬ ನಿಯಮವನ್ನು ಬೇಗ ತಂದ ರಾಜ್ಯಗಳಲ್ಲಿ ನಮ್ಮದೂ ಒಂದು.

ಕಲ್ಲಿದ್ದಲು ಸ್ಥಾವರದಲ್ಲಿ ಇದ್ದಾಗ ನಮಗೆ ಮೆಗಾವ್ಯಾಟ್ ಎಂದರೆ ಸಾಕಿತ್ತು. 210 ಮೆಗಾವ್ಯಾಟಿನ ಯಂತ್ರ ಎಂದರೆ ಕಲ್ಲಿದ್ದಲು, ನೀರು ಇದ್ದು ಎಲ್ಲ ಸರಿ ಇದ್ದರೆ ರಾತ್ರಿ ಮೂರಕ್ಕೂ 210, ಮಧ್ಯಾಹ್ನ ಮೂರಕ್ಕೂ 210. ಬಿಸಿಲಿನ ಮೆಗಾವ್ಯಾಟಿಗೆ ಈ ಲೆಕ್ಕ ಹೊಂದುವುದಿಲ್ಲ. 100 ಮೆಗಾವ್ಯಾಟಿನ ಸೋಲಾರ್ ಪ್ಲಾಂಟು ನಮ್ಮ ಕಡೆ ಒಳ್ಳೆಯ ದಿನಕ್ಕೆ ಸುಮಾರು 5 ಲಕ್ಷ ಯೂನಿಟ್ ಕೊಡುತ್ತದೆ. ಅಷ್ಟೇ ಸಾಮರ್ಥ್ಯದ ಕಲ್ಲಿದ್ದಲು ಯಂತ್ರ ನೂರಕ್ಕೆ 70ರ ಲೆಕ್ಕದಲ್ಲಿ ಓಡಿದರೂ 16 ಲಕ್ಷ ದಾಟುತ್ತದೆ. ಇದು ಸೋಲಾರಿನ ದೋಷ ಅಲ್ಲ. ಸೂರ್ಯ ಇರುವುದೇ ಅರ್ಧ ದಿನ. ಅದರಲ್ಲೂ ನೆತ್ತಿಯ ಮೇಲೆ ಇರುವುದು ಮೂರು ನಾಲ್ಕು ಗಂಟೆ.

ಆದ್ದರಿಂದ ಯಾರಾದರೂ "ಇಷ್ಟು ಪರ್ಸೆಂಟ್ ಹಸಿರು" ಎಂದಾಗ ನಾನು ಕೇಳುವುದು ಒಂದೇ. ಎಷ್ಟು ಗಂಟೆಗೆ?

ಕರ್ನಾಟಕದ ಒಂದು ಫೆಬ್ರವರಿ ದಿನ ತೆಗೆದುಕೊಳ್ಳಿ. ರಾಜ್ಯದಲ್ಲಿ ಸೋಲಾರ್ ಸಾಮರ್ಥ್ಯ 9,000 ಮೆಗಾವ್ಯಾಟಿಗಿಂತ ಜಾಸ್ತಿ ಇದೆ. ಗಾಳಿಯದು 7,000 ದಾಟಿದೆ. ಬೆಳಗ್ಗೆ ಆರಕ್ಕೆ ಸೋಲಾರ್ ಸೊನ್ನೆ. ಊರೆಲ್ಲ ಎದ್ದಿದೆ, ಗೀಸರ್ ಆನ್ ಆಗಿದೆ, ಮಿಕ್ಸಿ ತಿರುಗುತ್ತಿದೆ. ಏಳೂವರೆ ಹೊತ್ತಿಗೆ ತುಮಕೂರು ಜಿಲ್ಲೆಯ ಪಾವಗಡದ ದೊಡ್ಡ ಸೋಲಾರ್ ಪಾರ್ಕಿನ ಕಡೆಯಿಂದ ಅಂಕಿಗಳು ಏರಲು ಶುರು. ಹನ್ನೊಂದರಿಂದ ಒಂದರವರೆಗೆ ರಾಜ್ಯ ಬಳಸುವ ಕರೆಂಟಿನಲ್ಲಿ ದೊಡ್ಡ ಪಾಲು ಬಿಸಿಲಿನದು. ಮೂರೂವರೆಗೆ ಇಳಿತ ಶುರು. ಆರೂವರೆಗೆ ಮತ್ತೆ ಸೊನ್ನೆ. ಆ ಹೊತ್ತಿಗೇ ಮನೆಗಳಲ್ಲಿ ದೀಪ, ಟಿವಿ, ಅಂಗಡಿಗಳಲ್ಲಿ ಬೋರ್ಡು. ಒಂದು ಕಡೆ ಸಾವಿರಾರು ಮೆಗಾವ್ಯಾಟ್ ಇಳಿಯುತ್ತಿದೆ, ಇನ್ನೊಂದು ಕಡೆ ಬೇಡಿಕೆ ಏರುತ್ತಿದೆ. ಇದು ವರ್ಷದ ಲೆಕ್ಕದಲ್ಲಿ ಕಾಣುವುದಿಲ್ಲ. ತಿಂಗಳ ಲೆಕ್ಕದಲ್ಲೂ ಕಾಣುವುದಿಲ್ಲ. ಆದರೆ ಗ್ರಿಡ್, ಅಂದರೆ ಸ್ಥಾವರಗಳನ್ನೂ ಊರುಗಳನ್ನೂ ಜೋಡಿಸುವ ಲೈನುಗಳ ಜಾಲ, ನಡೆಸುವವರಿಗೆ ದಿನದ ಅತಿ ಕಷ್ಟದ ಹೊತ್ತು ಅದೇ.

ಯಾಕೆ ಕಷ್ಟ ಎಂದರೆ, ಕರೆಂಟನ್ನು ಆ ಕ್ಷಣ ಎಷ್ಟು ಬೇಕೋ ಅಷ್ಟೇ ತಯಾರಿಸಬೇಕು. ಇಡೀ ದೇಶದ ಜನರೇಟರುಗಳು ಸೆಕೆಂಡಿಗೆ 50 ಆವರ್ತನದ ಒಂದೇ ಲಯಕ್ಕೆ ಕಟ್ಟಿಕೊಂಡಿವೆ, ಇದನ್ನೇ ಫ್ರೀಕ್ವೆನ್ಸಿ ಎನ್ನುತ್ತೇವೆ. 2013ರ ಡಿಸೆಂಬರ್ 31ರಂದು ರಾಯಚೂರು–ಸೋಲಾಪುರ ಲೈನಿನ ಮೂಲಕ ದಕ್ಷಿಣದ ಗ್ರಿಡ್ ಉಳಿದ ದೇಶಕ್ಕೆ ಸೇರಿಕೊಂಡಿತು. ಅವತ್ತಿನಿಂದ ಶರಾವತಿಯ ಯಂತ್ರವೂ ಪಂಜಾಬಿನ ಯಂತ್ರವೂ ಒಂದೇ ಲಯದಲ್ಲಿ ತಿರುಗುತ್ತಿವೆ. ಬೇಡಿಕೆ ಜಾಸ್ತಿ ಆದರೆ, ಏರು ಬಂದಾಗ ಗಾಡಿ ಎಳೆಯುವ ಎತ್ತಿನ ನಡಿಗೆ ನಿಧಾನ ಆಗುವ ಹಾಗೆ, ಎಲ್ಲ ಯಂತ್ರಗಳ ವೇಗವೂ ಒಟ್ಟಿಗೆ ತಗ್ಗುತ್ತದೆ. ಬೇಡಿಕೆ ಇಳಿದರೆ ವೇಗ ಏರುತ್ತದೆ. ನಿಯಮದ ಪ್ರಕಾರ ಫ್ರೀಕ್ವೆನ್ಸಿ 49.90 ಮತ್ತು 50.05ರ ನಡುವೆ ಇರಬೇಕು. ಅದು ಎಷ್ಟು ಸಣ್ಣ ಜಾಗ ನೋಡಿ. ಅದರಿಂದ ಬಹಳ ದೂರ ಹೋದರೆ ಏನಾಗುತ್ತದೆ ಎಂದು ಈ ಕ್ಷೇತ್ರದಲ್ಲಿ ಇರುವವರಿಗೆಲ್ಲ ಗೊತ್ತು. ಲೈನುಗಳು ಒಂದರ ಹಿಂದೆ ಒಂದು ಟ್ರಿಪ್ ಆದರೆ ಏನಾಗುತ್ತದೆ ಎಂದೂ ಗೊತ್ತು. 2012ರ ಜುಲೈ 30 ಮತ್ತು 31ರಂದು ಉತ್ತರ, ಪೂರ್ವ, ಈಶಾನ್ಯದ ಗ್ರಿಡ್‌ಗಳು ಕುಸಿದು 60 ಕೋಟಿಗೂ ಹೆಚ್ಚು ಜನ ಕತ್ತಲಲ್ಲಿ ಕೂತರು.

ಹಾಗಾದರೆ ಸಂಜೆ ಆ ಜಾಗ ತುಂಬುವವರು ಯಾರು?

ಮೊದಲನೆಯದು ಕಲ್ಲಿದ್ದಲು. ಇದರ ಬಗ್ಗೆ ಸ್ವಲ್ಪ ಜಾಸ್ತಿ ಬರೆಯುತ್ತೇನೆ. ಯಾಕೆಂದರೆ ಆ ಬಾಯ್ಲರ್ ಪಕ್ಕದಲ್ಲಿ ನಾನು ನಿಂತಿದ್ದೇನೆ, ಅಲ್ಲಿ ಕೆಲಸ ಮಾಡುವವರ ಕಷ್ಟ ಹೊರಗಿನವರಿಗೆ ಅಷ್ಟಾಗಿ ಗೊತ್ತಿಲ್ಲ. ಹಳೆಯ ಯಂತ್ರಗಳನ್ನೆಲ್ಲ ಕಟ್ಟಿದ್ದು ಒಂದೇ ಸಮನೆ ಓಡಲಿ ಎಂದು. ಈಗ ಅವುಗಳಿಗೆ ಬೇರೆಯೇ ಕೆಲಸ. ಬೆಳಗ್ಗೆ ಫುಲ್ ಲೋಡ್. ಹತ್ತು ಗಂಟೆಗೆ ಫೋನ್ ಬರುತ್ತದೆ, ಬ್ಯಾಕ್ ಡೌನ್ ಮಾಡಿ, ಅಂದರೆ ಉತ್ಪಾದನೆ ಇಳಿಸಿ. ಮಧ್ಯಾಹ್ನವೆಲ್ಲ ಕೆಳಗೆ. ನಾಲ್ಕರ ಮೇಲೆ ಮತ್ತೆ ಫೋನ್, ಏರಿಸಿ. ದೇಶದ ಗ್ರಿಡ್ ನಿಯಮದಲ್ಲಿ ಕಲ್ಲಿದ್ದಲು ಯಂತ್ರ ಸಾಮರ್ಥ್ಯದ ನೂರಕ್ಕೆ 55ರವರೆಗೆ ಇಳಿಯಬೇಕು ಎಂದಿದೆ. 2023ರಲ್ಲಿ ಕೇಂದ್ರ ವಿದ್ಯುತ್ ಪ್ರಾಧಿಕಾರ ಮುಂದೆ ಹಂತ ಹಂತವಾಗಿ 40ಕ್ಕೆ ಇಳಿಯಬೇಕು ಎಂದು ನಿಯಮ ಮಾಡಿತು.

ಕಾಗದದ ಮೇಲೆ 55, 40 ಎಂದು ಬರೆಯುವುದು ಸುಲಭ. ಲೋಡ್ ಇಳಿಸಿದಾಗ ಒಲೆಯೊಳಗೆ ಬೆಂಕಿ ನಿಲ್ಲುವುದೇ ಕಷ್ಟ. ಕಲ್ಲಿದ್ದಲು ಒದ್ದೆ ಇದ್ದರೆ, ಬೂದಿ ಜಾಸ್ತಿ ಇದ್ದರೆ ಇನ್ನೂ ಕಷ್ಟ. ಬೆಂಕಿ ಹಿಡಿದಿಡಲು ಎಣ್ಣೆ ಸುಡಬೇಕಾಗುತ್ತದೆ, ಅದು ದುಬಾರಿ. ಲೋಡ್ ಇಳಿದಷ್ಟೂ ಒಂದು ಯೂನಿಟ್ಟಿಗೆ ಸುಡುವ ಕಲ್ಲಿದ್ದಲು ಜಾಸ್ತಿ. ಸಾಮಾನ್ಯವಾಗಿ ಒಂದು ಯೂನಿಟ್ಟಿಗೆ 700 ಗ್ರಾಂ ಆಸುಪಾಸು ಕಲ್ಲಿದ್ದಲು ಬೇಕು, ಕೆಳಗಿನ ಲೋಡಿನಲ್ಲಿ ಅದು ಏರುತ್ತದೆ. ಜತೆಗೆ ದಿನಾ ಕಾದು, ತಣಿದು, ಮತ್ತೆ ಕಾದು ಪೈಪುಗಳ ಲೋಹ ಸೋಲುತ್ತದೆ. ಟ್ಯೂಬ್ ಲೀಕ್ ಆದರೆ ಯಂತ್ರ ನಿಲ್ಲಿಸಿ, ತಣ್ಣಗಾಗುವವರೆಗೆ ಕಾದು, ಒಳಗೆ ಹೋಗಿ ಬೆಸುಗೆ ಹಾಕಬೇಕು. ಪೂರ್ತಿ ತಣಿದ ಯಂತ್ರವನ್ನು ಮತ್ತೆ ಗ್ರಿಡ್ಡಿಗೆ ತರಲು ಗಂಟೆಗಟ್ಟಲೆ ಬೇಕು. ಸಂಜೆಗೆ ಬೇಕು ಎಂದರೆ ಸಂಜೆ ಹೊತ್ತಿಸಿದರೆ ಆಗುವುದಿಲ್ಲ. ಆದ್ದರಿಂದಲೇ ಮಧ್ಯಾಹ್ನ ಬೇಡದಿದ್ದರೂ ಅದನ್ನು ಸಣ್ಣಗೆ ಉರಿಸುತ್ತಾ ಇಟ್ಟುಕೊಳ್ಳಬೇಕು. ದೇಶದ ಲೆಕ್ಕದಲ್ಲಿ ಕಲ್ಲಿದ್ದಲಿನ ಪಾಲು ಬೇಗ ಇಳಿಯದೇ ಇರುವುದಕ್ಕೆ ಇದೂ ಒಂದು ಕಾರಣ.

ಸೋಲಾರ್ ಜಾಸ್ತಿ ಆದಂತೆ ಕಲ್ಲಿದ್ದಲು ಸ್ಥಾವರದವರ ಕೆಲಸ ಕಮ್ಮಿ ಆಯಿತು ಎಂದು ಯಾರಾದರೂ ಅಂದರೆ ನನಗೆ ಬೇಸರ ಆಗುತ್ತದೆ. ಅವರ ಕೆಲಸ ಕಷ್ಟದ್ದಾಗಿದೆ. ಸಂಜೆ ಆ ಏರಿಕೆ ನಡೆಯುವುದು ಅವರಿಂದ. ಬಿಸಿಲಿನ ಒಂದೊಂದು ದಾಖಲೆಯ ಹಿಂದೆಯೂ ರಾಯಚೂರಿನಲ್ಲೋ ಬಳ್ಳಾರಿಯಲ್ಲೋ ಬಾಯ್ಲರ್ ಮುಂದೆ ಕೂತ ಒಬ್ಬ ಆಪರೇಟರ್ ಇರುತ್ತಾರೆ.

ಎರಡನೆಯದು ನೀರು. ನಮ್ಮ ರಾಜ್ಯದ ಕರೆಂಟಿನ ಕತೆ ಶುರುವಾಗಿದ್ದೇ ನೀರಿನಿಂದ. 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ಲೈನ್ ಎಳೆದರು. 1905ರಲ್ಲಿ ಬೆಂಗಳೂರಿಗೆ ದೀಪ ಬಂತು. ಆಮೇಲೆ ಜೋಗ, ಶರಾವತಿ, ಕಾಳಿ, ವಾರಾಹಿ. 1985ರಲ್ಲಿ ರಾಯಚೂರಿನ ಮೊದಲ ಯಂತ್ರ ಓಡುವವರೆಗೆ ರಾಜ್ಯದ ಸ್ವಂತ ಉತ್ಪಾದನೆ ಬಹುತೇಕ ನೀರಿನದೇ. ದೇಶದಲ್ಲೂ 1960ರ ದಶಕದ ಶುರುವಿನಲ್ಲಿ ಹತ್ತಿರ ಹತ್ತಿರ ಅರ್ಧ ಸಾಮರ್ಥ್ಯ ನೀರಿನದಾಗಿತ್ತು. ಈಗ ದೊಡ್ಡ ಜಲವಿದ್ಯುತ್ತಿನ ಪಾಲು ಉತ್ಪಾದನೆಯಲ್ಲಿ ನೂರಕ್ಕೆ ಹತ್ತರ ಆಸುಪಾಸು. ಮಳೆ ಕಮ್ಮಿ ಆದ ವರ್ಷ ಎಂಟಕ್ಕಿಂತ ಕೆಳಗೆ.

ಈ ಅಂಕಿ ನೋಡಿ ನೀರಿನ ಕಾಲ ಮುಗಿಯಿತು ಅನ್ನುವವರಿದ್ದಾರೆ. ನನಗೆ ಹಾಗೆ ಅನ್ನಿಸುವುದಿಲ್ಲ. ನೀರಿನ ಯಂತ್ರ ನಿಂತಲ್ಲಿಂದ ಕೆಲವೇ ನಿಮಿಷದಲ್ಲಿ ಲೋಡ್ ಹೊರುತ್ತದೆ, ಹಾಗೇ ಇಳಿಯುತ್ತದೆ. ಇದರ ಬೆಲೆ ಇಡೀ ದೇಶಕ್ಕೆ ಗೊತ್ತಾಗಿದ್ದು 2020ರ ಏಪ್ರಿಲ್ 5ರ ರಾತ್ರಿ. ಲಾಕ್‌ಡೌನ್ ಸಮಯ. ಒಂಬತ್ತು ಗಂಟೆಗೆ ಒಂಬತ್ತು ನಿಮಿಷ ದೀಪ ಆರಿಸಿ ಎಂದು ಕರೆ ಕೊಟ್ಟಿದ್ದರು. ದೇಶದ ಬೇಡಿಕೆ ಅರ್ಧ ಗಂಟೆಯೊಳಗೆ ಸುಮಾರು 31,000 ಮೆಗಾವ್ಯಾಟ್ ಇಳಿದು, ತಕ್ಷಣ ಮತ್ತೆ ಏರಿತು. ಅಷ್ಟು ವೇಗಕ್ಕೆ ಕಲ್ಲಿದ್ದಲು ಬಗ್ಗುವುದಿಲ್ಲ. ಆ ರಾತ್ರಿ ಭಾರ ಹೊತ್ತಿದ್ದು ಹೆಚ್ಚಾಗಿ ನೀರು. ಹತ್ತಿರ ಹತ್ತಿರ 17,500 ಮೆಗಾವ್ಯಾಟ್ ಜಲವಿದ್ಯುತ್ತನ್ನು ಅರ್ಧ ಗಂಟೆಯೊಳಗೆ ಇಳಿಸಿದರು, ದೀಪ ಹತ್ತುತ್ತಿದ್ದಂತೆ ಮತ್ತೆ ಏರಿಸಿದರು. ಫ್ರೀಕ್ವೆನ್ಸಿ 49.70ರಿಂದ 50.26ರವರೆಗೆ ಓಡಾಡಿತು, ಗ್ರಿಡ್ ಮಾತ್ರ ಬೀಳಲಿಲ್ಲ. ಈ ಕೆಲಸಕ್ಕೆ ಸೇರುವ ಹುಡುಗ ಹುಡುಗಿಯರಿಗೆ ಆ ರಾತ್ರಿಯ ಗ್ರಾಫನ್ನು ತಪ್ಪದೇ ತೋರಿಸುತ್ತೇನೆ. ಎಷ್ಟು ಜನ ಆಪರೇಟರುಗಳು ಒಟ್ಟಿಗೆ ಕೆಲಸ ಮಾಡಿದರೆ ಅಂಥ ಗೆರೆ ಬರುತ್ತದೆ ಎಂದು ಯೋಚಿಸಿದರೆ ಈಗಲೂ ಹೆಮ್ಮೆ ಆಗುತ್ತದೆ.

ಹಾಗಾಗಿ ಶರಾವತಿಯ 1,035 ಮೆಗಾವ್ಯಾಟಿನ ಬೆಲೆ ಪಾವಗಡದ 2,050 ಮೆಗಾವ್ಯಾಟಿನ ಮುಂದೆ ಕಮ್ಮಿ ಆಗಿಲ್ಲ. ಲಿಂಗನಮಕ್ಕಿಯಲ್ಲಿ ನೀರಿದ್ದರೆ ನಾವು ಕೇಳಿದ ಹೊತ್ತಿಗೆ ಬರುವ ಕರೆಂಟು ಅದು. ಹಗಲು ಬಿಸಿಲು ಕೊಡುವುದರಿಂದ ಆ ನೀರನ್ನು ಸಂಜೆಗೆ ಉಳಿಸಿಕೊಳ್ಳಬಹುದು. ಬಿಸಿಲು ಮತ್ತು ನೀರು ಜತೆಯಾಗಿ ಇದ್ದಾಗ ಕರ್ನಾಟಕದಂಥ ಅನುಕೂಲ ಇರುವ ರಾಜ್ಯ ಕಮ್ಮಿ.

ನೀರಿದ್ದರೆ, ಅಂದೆ. ಈ ಮಾತು ಎಷ್ಟು ಭಾರದ್ದು ಎಂದು 2023 ತೋರಿಸಿಕೊಟ್ಟಿತು. ಆ ವರ್ಷದ ಆಗಸ್ಟ್ ದೇಶದಲ್ಲಿ 1901ರಿಂದ ಈಚೆಗೆ ಅತಿ ಒಣ ಆಗಸ್ಟ್. ರಾಜ್ಯದ ಬಹುತೇಕ ತಾಲ್ಲೂಕುಗಳನ್ನು ಬರಪೀಡಿತ ಎಂದು ಘೋಷಿಸಿದರು. ಜಲಾಶಯ ತುಂಬಲಿಲ್ಲ, ಅಂದರೆ ನೀರಿನ ಕರೆಂಟು ಕಮ್ಮಿ. ಮಳೆ ಇಲ್ಲ, ಅಂದರೆ ರೈತರು ಬೋರ್‌ವೆಲ್ ಓಡಿಸಲೇಬೇಕು. ಅಕ್ಟೋಬರ್‌ನಲ್ಲಿ ಸಾಮಾನ್ಯವಾಗಿ ಪಂಪ್‌ಸೆಟ್ಟುಗಳ ಲೋಡ್ ಇಳಿದಿರುತ್ತದೆ. ಆ ಸಲ ಬೇಸಿಗೆಯ ಹಾಗೆ ಏರಿತು. ಒಂದೇ ಕಾರಣ ಎರಡೂ ಕಡೆಯಿಂದ ಹೊಡೆಯಿತು. ಹಳ್ಳಿಗಳಲ್ಲಿ ತ್ರೀ ಫೇಸ್ ಕರೆಂಟಿನ ಗಂಟೆ ಕಮ್ಮಿ ಆಯಿತು, ರೈತರು ಬೀದಿಗೆ ಬಂದರು. ಸರ್ಕಾರ ವಿದ್ಯುತ್ ಕಾಯ್ದೆಯ 11ನೇ ಸೆಕ್ಷನ್ ಬಳಸಿ, ರಾಜ್ಯದೊಳಗಿನ ಖಾಸಗಿ ಉತ್ಪಾದಕರು ಕರೆಂಟನ್ನು ರಾಜ್ಯಕ್ಕೇ ಕೊಡಬೇಕು ಎಂದು ಆದೇಶ ಮಾಡಿತು. ಉತ್ತರ ಪ್ರದೇಶ ಮತ್ತು ಪಂಜಾಬಿನಿಂದ ಕೈಗಡ ತಂದರು.

ಈ ಕೈಗಡದ ಲೆಕ್ಕ ನನಗೆ ತುಂಬಾ ಇಷ್ಟ. ದುಡ್ಡಿನ ಮಾತಿಲ್ಲ, ಕರೆಂಟಿಗೆ ಕರೆಂಟು. ಪಂಜಾಬಿಗೆ ಭತ್ತದ ನಾಟಿಯ ಕಾಲಕ್ಕೆ, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ, ವಿಪರೀತ ಕರೆಂಟ್ ಬೇಕು. ನಮಗೆ ಜನವರಿಯಿಂದ ಏಪ್ರಿಲ್‌ವರೆಗೆ ಬೇಕು. ಅವರ ನಾಟಿಯ ಕಾಲಕ್ಕೆ ನಮ್ಮಲ್ಲಿ ಮುಂಗಾರು ಗಾಳಿ. ಚಿತ್ರದುರ್ಗ, ಗದಗ, ಕೊಪ್ಪಳ, ವಿಜಯಪುರದ ಗಾಳಿಯಂತ್ರಗಳು ಹಗಲು ರಾತ್ರಿ ತಿರುಗುತ್ತವೆ. ಆಗ ನಾವು ವಾಪಸ್ ಕೊಡಬಹುದು. ಎರಡು ರಾಜ್ಯಗಳ ಬೆಳೆ, ಮಳೆ, ಗಾಳಿ ಬೇರೆ ಬೇರೆ ತಿಂಗಳಲ್ಲಿ ಇರುವುದೇ ಇಲ್ಲಿ ಬಂಡವಾಳ. ದೇಶದ ಮೂಲಗಳ ಪಟ್ಟಿಯಲ್ಲಿ ಲೈನುಗಳನ್ನು ಯಾರೂ ಬರೆಯುವುದಿಲ್ಲ. ನನ್ನ ಪ್ರಕಾರ ಅವು ಬಿಸಿಲು, ಗಾಳಿಯಷ್ಟೇ ಮುಖ್ಯ. ಲೈನ್ ಸಾಲದಿದ್ದರೆ ಏನಾಗುತ್ತದೆ ಎಂದು 2025ರಲ್ಲಿ ರಾಜಸ್ಥಾನದಲ್ಲಿ ಕಂಡಿತು. ಪ್ಯಾನಲ್ ಇದೆ, ಬಿಸಿಲಿದೆ, ಕೊಂಡೊಯ್ಯಲು ದಾರಿ ಇಲ್ಲ. ಸೋಲಾರನ್ನು ತಗ್ಗಿಸಬೇಕಾಯಿತು.

ಗಾಳಿಯ ಬಗ್ಗೆ ಇನ್ನೊಂದು ಮಾತು. ಮುಂಗಾರಿನಲ್ಲಿ ಗಾಳಿ ರಾತ್ರಿಯೂ ಬೀಸುತ್ತದೆ, ಸಂಜೆಯೂ ಬೀಸುತ್ತದೆ. ಮೋಡ ಕವಿದು ಸೋಲಾರ್ ಸೋತ ದಿನಗಳಲ್ಲೇ ಅದು ಜೋರು. ಹಾಗಾಗಿ ವಿಂಡ್ ಸೈಟಿನ ಒಂದು ಮೆಗಾವ್ಯಾಟನ್ನು ಸೋಲಾರ್ ಸೈಟಿನ ಒಂದು ಮೆಗಾವ್ಯಾಟಿನ ಪಕ್ಕ ಇಟ್ಟು ಬರೀ ಬೆಲೆ ಹೋಲಿಸುವುದು ಸರಿಯಲ್ಲ. 2010ರ ಸುಮಾರಿಗೆ ಸೋಲಾರ್ ಯೂನಿಟ್ಟಿಗೆ 12 ರೂಪಾಯಿ ಆಸುಪಾಸು ಇತ್ತು. 2017ರಲ್ಲಿ ರಾಜಸ್ಥಾನದ ಭಾದ್ಲಾದಲ್ಲಿ 2.44ಕ್ಕೆ ಬಂತು. 2020ರಲ್ಲಿ ಗುಜರಾತಿನ ಹರಾಜಿನಲ್ಲಿ 1.99. ಇದು ದೊಡ್ಡ ಸಾಧನೆ, ಅನುಮಾನವೇ ಇಲ್ಲ. ಆದರೆ ಅದು ಹಗಲಿನ ಯೂನಿಟ್ಟಿನ ಬೆಲೆ. ಹಗಲಿನ ಯೂನಿಟ್ಟಿಗೂ ರಾತ್ರಿಯ ಯೂನಿಟ್ಟಿಗೂ ಇರುವ ವ್ಯತ್ಯಾಸ ಕರೆಂಟಿನ ಸಂತೆಯಲ್ಲಿ ಕಣ್ಣಿಗೆ ಹೊಡೆದು ಕಾಣುತ್ತದೆ. 2025ರ ಮೇ ಕೊನೆಯಲ್ಲಿ ಮುಂಗಾರು ಬೇಗ ಬಂದು, ಭಾನುವಾರವೂ ಆಗಿ, ಒಂದು ಮಧ್ಯಾಹ್ನ ವಿದ್ಯುತ್ ವಿನಿಮಯ ಮಾರುಕಟ್ಟೆಯಲ್ಲಿ ದರ ಹತ್ತಿರ ಹತ್ತಿರ ಸೊನ್ನೆಗೆ ಇಳಿದಿತ್ತು. ಅದೇ ಮಾರುಕಟ್ಟೆಯಲ್ಲಿ ಬಿಸಿಗಾಳಿಯ ದಿನಗಳ ಸಂಜೆ ದರ ಏರುತ್ತಾ ಹೋಗಿ 10 ರೂಪಾಯಿಯ ಮಿತಿಗೆ ತಾಗಿ ನಿಲ್ಲುತ್ತದೆ.

ಈಗ ನಮ್ಮ ಕೆಲಸದ ಒಳಗಿನ ಮಾತು. ಮುನ್ಸೂಚನೆ ಮಾಡುವವರಿಗೆ ಯಾವುದು ಕಷ್ಟ?

2019ರ ಡಿಸೆಂಬರ್ 26ರಂದು ಕಂಕಣ ಸೂರ್ಯಗ್ರಹಣ ಇತ್ತು. ಮಂಗಳೂರು, ಕೊಡಗಿನ ಕಡೆ ಚೆನ್ನಾಗಿ ಕಂಡಿತು. ಬೆಳಗ್ಗೆ ಎಂಟಕ್ಕೆ ಶುರುವಾಗಿ ಹನ್ನೊಂದರ ಹೊತ್ತಿಗೆ ಬಿಟ್ಟಿತು. ಸರಿಯಾಗಿ ಸೋಲಾರ್ ಏರುವ ಹೊತ್ತು. ದಕ್ಷಿಣದ ಗ್ರಿಡ್ಡಿನವರೆಲ್ಲ ಮೊದಲೇ ಲೆಕ್ಕ ಹಾಕಿ ತಯಾರಾಗಿದ್ದರು. ಗ್ರಹಣ ಯಾವ ನಿಮಿಷಕ್ಕೆ ಹಿಡಿದು ಯಾವ ನಿಮಿಷಕ್ಕೆ ಬಿಡುತ್ತದೆ ಎಂದು ಪಂಚಾಂಗದಲ್ಲೇ ಇರುತ್ತದೆ, ಸುಲಭ. ಕಷ್ಟ ಇರುವುದು ಮೇ ತಿಂಗಳ ಮಧ್ಯಾಹ್ನದ ಮೋಡದಲ್ಲಿ. ಬೆಳಗ್ಗೆಯಿಂದ ಸುಡುಬಿಸಿಲು. ಎರಡು ಗಂಟೆಗೆ ಪಾವಗಡದ ಒಂದು ಮೂಲೆಯಲ್ಲಿ ಮೋಡ ಏಳುತ್ತದೆ. ಉಪಗ್ರಹದ ಚಿತ್ರದಲ್ಲಿ ಅದು ಒಂದು ಚುಕ್ಕೆ. ಎರಡೂಕಾಲಿಗೆ ಪ್ಲಾಂಟಿನ ಅರ್ಧ ಉತ್ಪಾದನೆ ಹೋಗಿರುತ್ತದೆ.

ಇಂಥ ಹೊತ್ತಲ್ಲಿ ಸಾಫ್ಟ್‌ವೇರ್ ಹೇಳಿದ್ದಕ್ಕಿಂತ ಸೈಟಿನಲ್ಲಿ ಇರುವವರ ಕಣ್ಣು ದೊಡ್ಡದು. "ಮೇಡಂ, ಮಧುಗಿರಿ ಕಡೆಯಿಂದ ಧೂಳು ಎದ್ದಿದೆ, ಇನ್ನು ಹತ್ತು ನಿಮಿಷದಲ್ಲಿ ಇಲ್ಲಿರುತ್ತೆ" ಎಂದು ಒಂದು ಫೋನ್ ಬಂದರೆ ಶೆಡ್ಯೂಲ್ ತಿದ್ದಲು ಅದಕ್ಕಿಂತ ಒಳ್ಳೆಯ ಮಾಹಿತಿ ಬೇಕಿಲ್ಲ. ಆದ್ದರಿಂದ ನಮ್ಮ ತಂಡದಲ್ಲಿ ಎಲ್ಲರಿಗೂ ಹೇಳಿರುತ್ತೇನೆ. ಸೈಟಿನ ಸೆಕ್ಯೂರಿಟಿಯವರ ಹೆಸರು ಗೊತ್ತಿರಬೇಕು, ಪ್ಯಾನಲ್ ತೊಳೆಯುವವರ ಹೆಸರು ಗೊತ್ತಿರಬೇಕು. ಯಾವತ್ತು ತೊಳೆದರು, ಯಾವ ಇನ್ವರ್ಟರ್ ನಿಂತಿದೆ, ಯಾವ ಟ್ರಾನ್ಸ್‌ಫಾರ್ಮರ್ ರಿಪೇರಿಯಲ್ಲಿದೆ, ಇದೆಲ್ಲ ಗೊತ್ತಿಲ್ಲದೆ ಹವಾಮಾನ ಎಷ್ಟು ಸರಿಯಾಗಿ ಊಹಿಸಿದರೂ ಅಂಕಿ ತಪ್ಪುತ್ತದೆ. ಪ್ಯಾನಲ್ ಮೇಲೆ ಧೂಳು ಕೂತಿದ್ದಾಗ ಒಂದು ಮಳೆ ಬಿದ್ದರೆ ಮರುದಿನ ಉತ್ಪಾದನೆ ಏರುತ್ತದೆ. ಆ ಏರಿಕೆಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಇನ್ನೊಂದು, ಸುಡುವ ಏಪ್ರಿಲ್‌ಗಿಂತ ತಂಪಾದ ಜನವರಿ ಮಧ್ಯಾಹ್ನ ಪ್ಯಾನಲ್ ಚೆನ್ನಾಗಿ ಕೆಲಸ ಮಾಡುತ್ತದೆ. ಬಿಸಿ ಏರಿದಂತೆ ಅದರ ಶಕ್ತಿ ತಗ್ಗುತ್ತದೆ. ಹೊಸಬರಿಗೆ ಇದು ಆಶ್ಚರ್ಯ.

ಉತ್ಪಾದನೆಯನ್ನು ಮಾತ್ರ ನೋಡುವ ನಾವು ಬಳಕೆಯ ಕಡೆಗೂ ನೋಡಬೇಕು ಎಂದು ನನಗೆ ಮನದಟ್ಟಾಗಿದ್ದು ತುಮಕೂರು ಜಿಲ್ಲೆಯ ನಮ್ಮ ಚಿಕ್ಕಪ್ಪನಿಂದ. ಅವರದು ಅಡಿಕೆ ತೋಟ, ಒಂದು ಬೋರ್‌ವೆಲ್. ಮೊದಲೆಲ್ಲ ತ್ರೀ ಫೇಸ್ ಬರುತ್ತಿದ್ದುದು ಒಂದು ವಾರ ಹಗಲು, ಒಂದು ವಾರ ರಾತ್ರಿ. ರಾತ್ರಿ ಪಾಳಿಯ ವಾರ ಬ್ಯಾಟರಿ ಹಿಡಿದು ತೋಟಕ್ಕೆ ಹೋಗಬೇಕು. ಹಾವು, ಕರಡಿ, ಕೆಸರು. ಗ್ರಿಡ್ಡಿನವರಿಗೆ ಆಗ ರಾತ್ರಿ ಕೊಡುವುದೇ ಅನುಕೂಲವಾಗಿತ್ತು, ಊರೆಲ್ಲ ಮಲಗಿದಾಗ ಯಂತ್ರಗಳಿಗೆ ಕೆಲಸ ಬೇಕಿತ್ತು. ಸೋಲಾರ್ ಬಂದ ಮೇಲೆ ಲೆಕ್ಕ ತಿರುಗಿತು. ಹಗಲು ಕೊಡುವುದೇ ಈಗ ಎಲ್ಲರಿಗೂ ಅನುಕೂಲ.

"ಏನಮ್ಮ, ಈಗ ನಮ್ಮ ಫೀಡರಿಗೆ ಬೆಳಗ್ಗೆ ಹೊತ್ತೇ ಕೊಡ್ತಾವ್ರೆ. ನಿಮ್ಮ ಆಫೀಸಿಂದ ಹೇಳಿದ್ಯಾ?" ಎಂದು ಕೇಳಿದರು.

"ಇಲ್ಲ ಚಿಕ್ಕಪ್ಪ, ಬಿಸಿಲು ಹೇಳಿದ್ದು" ಎಂದೆ.

"ಯಾರು ಹೇಳಿದ್ರೂ ಒಳ್ಳೇದೇ ಆಯ್ತು ಬಿಡು. ರಾತ್ರಿ ನಿದ್ದೆ ಅನ್ನೋದು ಬಂತು" ಎಂದರು.

ನೀರಾವರಿ ಪಂಪುಗಳು ರಾಜ್ಯದಲ್ಲಿ ಬಳಕೆಯಾಗುವ ಕರೆಂಟಿನ ಬಹು ದೊಡ್ಡ ಪಾಲು. ಊರಿನ ದೀಪದ ಲೈನನ್ನೂ ಪಂಪಿನ ಲೈನನ್ನೂ ಬೇರೆ ಮಾಡುವ ನಿರಂತರ ಜ್ಯೋತಿ ಯೋಜನೆ ಬಂದಾಗ ಅದು ಮುಂದೆ ಸೋಲಾರಿಗೆ ಇಷ್ಟು ಸಹಾಯ ಮಾಡುತ್ತದೆ ಎಂದು ಯಾರೂ ಮಾತಾಡಿರಲಿಲ್ಲ. ಲೈನ್ ಬೇರೆ ಇದ್ದುದರಿಂದಲೇ ಪಂಪಿನ ಲೋಡನ್ನು ಬಿಸಿಲಿನ ಹೊತ್ತಿಗೆ ಎಳೆದು ತರಲು ಆಯಿತು. ರಾಜ್ಯದ ಬೇಡಿಕೆ 2025ರ ಬೇಸಿಗೆಯಲ್ಲಿ 18,000 ಮೆಗಾವ್ಯಾಟ್ ದಾಟಿತು. ಆ ಏರಿಕೆಯ ಒಳ್ಳೆಯ ಭಾಗ ಬಿಸಿಲಿನ ಹೊತ್ತಿಗೇ ಬಿದ್ದಿದ್ದರಿಂದ ನಿಭಾಯಿಸಲು ಸಾಧ್ಯವಾಯಿತು. ಕುಸುಮ್ ಯೋಜನೆಯಲ್ಲಿ ಸಬ್‌ಸ್ಟೇಷನ್ ಪಕ್ಕದಲ್ಲೇ ಪ್ಯಾನಲ್ ಹಾಕಿ ಆ ಭಾಗದ ಪಂಪುಗಳಿಗೆ ಕೊಡುವ ಕೆಲಸ ಈಗ ನಡೆಯುತ್ತಿದೆ. ನನಗೆ ಅದರ ಮೇಲೆ ಬಹಳ ಭರವಸೆ. ದೂರದ ಲೈನಿನಲ್ಲಿ ಸೋರುವುದು ತಪ್ಪುತ್ತದೆ, ಕೊನೆಯ ಪಂಪಿಗೂ ಸರಿಯಾದ ವೋಲ್ಟೇಜ್ ಸಿಗುತ್ತದೆ.

ಪಾವಗಡದ ಬಗ್ಗೆಯೂ ಹೇಳಬೇಕು. ತಿರುಮಣಿ, ವಳ್ಳೂರು ಸುತ್ತಿನ ಐದು ಊರುಗಳ ಸುಮಾರು 13,000 ಎಕರೆ. ರೈತರಿಂದ ಜಮೀನನ್ನು ಕೊಂಡುಕೊಳ್ಳದೆ ಎಕರೆಗೆ ವರ್ಷಕ್ಕೆ 21,000 ರೂಪಾಯಿಯಂತೆ ಗುತ್ತಿಗೆಗೆ ಪಡೆದರು, ಎರಡು ವರ್ಷಕ್ಕೊಮ್ಮೆ ನೂರಕ್ಕೆ ಐದರಷ್ಟು ಏರಿಕೆ. ಜಮೀನು ರೈತರ ಹೆಸರಲ್ಲೇ ಉಳಿದಿದೆ. ಮಳೆ ಕಾಣದ ಆ ಭೂಮಿಯಲ್ಲಿ ಶೇಂಗಾ ಬಿತ್ತಿ ಸೋಲುತ್ತಿದ್ದವರಿಗೆ ಇದು ಆಸರೆ ಆಯಿತು. ಆದರೆ ಬೇರೆಯವರ ಹೊಲದಲ್ಲಿ ಕೂಲಿ ಮಾಡುತ್ತಿದ್ದವರಿಗೆ, ಕುರಿ ಮೇಯಿಸುತ್ತಿದ್ದವರಿಗೆ ಗುತ್ತಿಗೆ ಹಣ ಇಲ್ಲ. ಬಿಸಿಲಿನ ಕರೆಂಟು ಬೆಳೆಯುವುದು ಖುಷಿಯೇ, ಆದರೆ ಈ ಭಾಗವನ್ನು ಲೆಕ್ಕದಿಂದ ಬಿಡಬಾರದು ಎಂದು ನನ್ನ ಅಭಿಪ್ರಾಯ.

ಮತ್ತೆ ಸಂಜೆಗೆ ಬರೋಣ. ಮಧ್ಯಾಹ್ನದ ಬಿಸಿಲನ್ನು ಸಂಜೆಗೆ ಇಟ್ಟುಕೊಳ್ಳಲು ಈಗ ಎರಡು ದಾರಿ. ಒಂದು ಬ್ಯಾಟರಿ. ಇನ್ನೊಂದು ಹಗಲು ಕೆಳಗಿನ ನೀರನ್ನು ಮೇಲಕ್ಕೆ ಪಂಪ್ ಮಾಡಿ, ಸಂಜೆ ಕೆಳಗೆ ಬಿಟ್ಟು ಕರೆಂಟ್ ತೆಗೆಯುವುದು. ಇದರಲ್ಲಿ ಹಾಕಿದ್ದರ ನಾಲ್ಕನೇ ಅಥವಾ ಐದನೇ ಒಂದು ಭಾಗ ನಷ್ಟ. ಆದರೂ ಮಧ್ಯಾಹ್ನದ ಅಗ್ಗದ ಕರೆಂಟಿಗೆ ಅದು ಲಾಭವೇ. ಶರಾವತಿಯಲ್ಲಿ ತಲಕಳಲೆ ಮತ್ತು ಗೇರುಸೊಪ್ಪೆ ಜಲಾಶಯಗಳ ನಡುವೆ 2,000 ಮೆಗಾವ್ಯಾಟಿನ ಇಂಥ ಯೋಜನೆ ಇದೆ. ಆ ಕಣಿವೆ ಸಿಂಗಳೀಕಗಳ ಅಭಯಾರಣ್ಯ. ಊರವರು, ಪರಿಸರದವರು ವಿರೋಧ ಮಾಡುತ್ತಿದ್ದಾರೆ.

ಸಂಜೆಯ ಕೊರತೆ ಎಷ್ಟು ನಿಜ ಎಂದು ದಿನಾ ನೋಡುವವಳು ನಾನು. ಆದರೂ ಆ ಕಾಡಿನೊಳಗೆ ಸುರಂಗ ಕೊರೆಯುವ ಯೋಜನೆ ನನಗೆ ಒಪ್ಪಿಗೆ ಇಲ್ಲ. ಆಂಧ್ರದ ನಂದ್ಯಾಲ ಜಿಲ್ಲೆಯ ಪಿನ್ನಾಪುರಂನಲ್ಲಿ ನದಿಗೆ ಅಡ್ಡ ಕಟ್ಟದೆ, ಗುಡ್ಡದ ಮೇಲೊಂದು ಕೆಳಗೊಂದು ಜಲಾಶಯ ಮಾಡಿ ಇದೇ ಕೆಲಸ ಮಾಡಿದ್ದಾರೆ. ನಮ್ಮ ಉತ್ತರದ ಒಣ ಗುಡ್ಡಗಳಲ್ಲಿ ಅಂಥ ಜಾಗ ಹುಡುಕಬೇಕು. ಬ್ಯಾಟರಿ ಬೆಲೆಯೂ ವರ್ಷ ವರ್ಷ ಇಳಿಯುತ್ತಿದೆ. ಅದಕ್ಕಿಂತ ಮೊದಲು ಬಳಕೆಯನ್ನೇ ಹಗಲಿಗೆ ಸರಿಸುವುದು ಇನ್ನೂ ಎಷ್ಟೋ ಬಾಕಿ ಇದೆ. ಪಂಪಿನಲ್ಲಿ ಮಾಡಿ ತೋರಿಸಿದ್ದೇವೆ. ಎಲೆಕ್ಟ್ರಿಕ್ ಗಾಡಿಗಳನ್ನು ಎಲ್ಲರೂ ಮನೆಗೆ ಬಂದು ರಾತ್ರಿ ಚಾರ್ಜಿಗೆ ಹಾಕುತ್ತಾರೆ. ಆಫೀಸಿನ ಪಾರ್ಕಿಂಗಿನಲ್ಲಿ ಮಧ್ಯಾಹ್ನ ಹಾಕುವಂತಾದರೆ? ಕೇಂದ್ರದ 2023ರ ನಿಯಮದಲ್ಲಿ ಬಿಸಿಲಿನ ಹೊತ್ತಿನ ದರ ಕಮ್ಮಿ, ಸಂಜೆಯ ದರ ಜಾಸ್ತಿ ಇರಬೇಕು ಎಂದಿದೆ. ಸ್ಮಾರ್ಟ್ ಮೀಟರ್ ಇರುವ ಕಡೆ ಅದನ್ನು ಮನಸಾರೆ ಜಾರಿ ಮಾಡಿದರೆ ಎಷ್ಟೋ ಮೆಗಾವ್ಯಾಟ್ ಕಟ್ಟುವುದೇ ಬೇಕಾಗುವುದಿಲ್ಲ.

ಅಣುಶಕ್ತಿಯ ಬಗ್ಗೆ ಜಾಸ್ತಿ ಬರೆದಿಲ್ಲ, ಕಾರಣ ಅದು ನಮ್ಮ ದಿನನಿತ್ಯದ ತಲೆನೋವಲ್ಲ. ಕೈಗಾದ ನಾಲ್ಕು ಯಂತ್ರಗಳು 880 ಮೆಗಾವ್ಯಾಟ್. ಓಡುತ್ತಿದ್ದರೆ ಹಗಲೂ ರಾತ್ರಿಯೂ ಒಂದೇ ಸಮ. 2018ರ ಡಿಸೆಂಬರ್‌ನಲ್ಲಿ ಅಲ್ಲಿನ ಒಂದನೇ ಯಂತ್ರ 962 ದಿನ ನಿಲ್ಲದೆ ಓಡಿದ್ದು ಆಗ ವಿಶ್ವದಾಖಲೆ. ದೇಶದ ಉತ್ಪಾದನೆಯಲ್ಲಿ ಅಣುಶಕ್ತಿಯ ಪಾಲು ನೂರಕ್ಕೆ ಮೂರರ ಆಸುಪಾಸಿನಲ್ಲೇ ಬಹಳ ವರ್ಷದಿಂದ ಇದೆ.

ಈ ಕೆಲಸಕ್ಕೆ ಬರಬೇಕು ಎನ್ನುವ ಎಂಜಿನಿಯರಿಂಗ್ ವಿದ್ಯಾರ್ಥಿಗಳು ಏನು ಓದಬೇಕು ಎಂದು ನನ್ನನ್ನು ಕೇಳುತ್ತಿರುತ್ತಾರೆ. ದೇಶದ ಗ್ರಿಡ್ ನಡೆಸುವ ಗ್ರಿಡ್ ಇಂಡಿಯಾ ಸಂಸ್ಥೆ ದಿನಾ ಹಿಂದಿನ ದಿನದ ವರದಿ ಹಾಕುತ್ತದೆ, ಯಾರು ಬೇಕಾದರೂ ನೋಡಬಹುದು. ಅದರಲ್ಲಿ ದಿನದ ಒಟ್ಟು ಯೂನಿಟ್ ಬಿಟ್ಟು, ಬಿಸಿಲಿನ ಹೊತ್ತಿನ ಗರಿಷ್ಠ ಬೇಡಿಕೆ ಎಷ್ಟು, ಬಿಸಿಲಿಲ್ಲದ ಹೊತ್ತಿನ ಗರಿಷ್ಠ ಬೇಡಿಕೆ ಎಷ್ಟು ಎಂದು ಬೇರೆ ಬೇರೆ ನೋಡಿ. ಅದೇ ದಿನ ಕರ್ನಾಟಕದಲ್ಲಿ ಗಾಳಿ ಎಷ್ಟಿತ್ತು, ನೀರು ಎಷ್ಟಿತ್ತು, ಹೊರಗಿನಿಂದ ಎಷ್ಟು ತಂದರು ಎಂದು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ. ಫೆಬ್ರವರಿಯ ಒಂದು ವಾರ, ಜುಲೈನ ಒಂದು ವಾರ ಬರೆದು ಪಕ್ಕ ಪಕ್ಕ ಇಟ್ಟರೆ ಸಾಕು. ಇಂಟರ್‌ವ್ಯೂನಲ್ಲಿ ನಾನು ಮೊದಲು ಕೇಳುವುದು ಆ ಎರಡು ವಾರಗಳ ವ್ಯತ್ಯಾಸದ ಬಗ್ಗೆಯೇ.